ಸೋಮವಾರಪೇಟೆ ಕಡೆಯ ನಮ್ಮ ಶಾಲೆಗೆ ಪೋಷಕರ ಅಭಿಪ್ರಾಯ ಪಡೆಯಲು ಗೂಗಲ್ ಫಾರ್ಮ್ಸ್ ಸಾಕಾ?

ಖಂಡಿತ ಸಾಕು, ದುಡ್ಡೂ ಬೇಡ. ಆದರೆ ಸೆಟ್ಟಿಂಗ್ಸ್ ನೋಡಿಕೊಳ್ಳಿ. ಒಬ್ಬರಿಗೆ ಒಂದೇ ಉತ್ತರ ಅಂತ ಮಿತಿ ಹಾಕಿದರೆ ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ (ಸಾಲು ಮನೆಗಳಲ್ಲಿ) ಎಷ್ಟೋ ಸಲ ಮನೆಗೆಲ್ಲ ಒಂದೇ ಫೋನ್. ಅಪ್ಪ ತುಂಬಿದ ಮೇಲೆ ಅಮ್ಮನಿಗೆ ಅವಕಾಶವೇ ಇರುವುದಿಲ್ಲ, ಅಲ್ವಾ? ಇಮೇಲ್ ಸಂಗ್ರಹವನ್ನೂ ಆಫ್ ಮಾಡಿ. ಹೆಸರು ಗೊತ್ತಾಗುತ್ತದೆ ಅಂದರೆ ಮೇಷ್ಟ್ರ ಬಗ್ಗೆ ಯಾರು ನಿಜ ಬರೆಯುತ್ತಾರೆ?

ಐದಾರು ಪ್ರಶ್ನೆ ಸಾಕು. 'ಬಸ್ಸು, ಊಟ ಚೆನ್ನಾಗಿವೆಯಾ?' ಅಂತ ಎರಡನ್ನು ಒಟ್ಟಿಗೆ ಕೇಳಬೇಡಿ. ಕೊನೆಗೆ ಮನಸ್ಸಿನ ಮಾತು ಬರೆಯಲು ಜಾಗ ಬಿಡಿ. ನನಗೆ ಜಾಸ್ತಿ ಕಲಿಸಿದ್ದು ಆ ಸಾಲುಗಳೇ.

ಜುಲೈ ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಕೈಕೊಡುತ್ತವೆ. ಕಾಫಿ ಕೊಯ್ಲಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ಪೋಷಕರ ಸಭೆಯ ದಿನ ಕಾಗದದ ಪ್ರತಿಯನ್ನೂ ಇಡಿ.