14 ದಿನ, ಎರಡು ಕೆಲಸ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ: "ನಾನು ಜೀಬ್ರಾ ಮೀನಿನ ಭ್ರೂಣಗಳ ಮೇಲೆ ಕೆಲಸ ಮಾಡುತ್ತೇನೆ. ನನ್ನ ಗಂಡ ಥಿಯರಿಯವರು, ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್. ಇಬ್ಬರೂ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆಯ ಕೆಲಸ), ಇಬ್ಬರದ್ದೂ ಬೇರೆ ಬೇರೆ ಊರು. ಹೀಗೇ ಎರಡೂವರೆ ವರ್ಷವಾಯಿತು. ಈಗ ನನಗೊಂದು ಫ್ಯಾಕಲ್ಟಿ ಆಫರ್ ಬಂದಿದೆ. ಉತ್ತರ ಕೊಡಲು 14 ದಿನ ಕೊಟ್ಟಿದ್ದಾರೆ. ನನ್ನ ಗಂಡನಿಗೆ ಇನ್ನೊಂದು ಕಡೆ ಇಂಟರ್‌ವ್ಯೂ ಇದೆ, ಅದು ಎರಡು ತಿಂಗಳ ನಂತರ. ನನ್ನ ಇಂಟರ್‌ವ್ಯೂನಲ್ಲಿ ಅವರ ವಿಷಯ ಬಾಯಿ ಬಿಟ್ಟಿಲ್ಲ. ಹೇಳಬೇಕಿತ್ತಾ? ಕೊನೆಗೆ ನಮ್ಮಲ್ಲಿ ಒಬ್ಬರು ಬಿಟ್ಟುಕೊಡಲೇಬೇಕಾ? ಇನ್ನೊಂದು ಸಣ್ಣ ಪ್ರಶ್ನೆ. ನಾವಿಬ್ಬರೂ ಸೇರಿ ಎರಡು ಪೇಪರ್ ಬರೆದಿದ್ದೇವೆ. ಅದರಿಂದ ಒಳ್ಳೆಯದಾ, ಕೆಟ್ಟದ್ದಾ?"

ಸಂಪಾದಕರ ಉತ್ತರ:

ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ನಿಮ್ಮ 14 ದಿನ ಮುಗಿದಿರುತ್ತದೆ. ಹಾಗಾಗಿ ತುರ್ತಿನ ಮಾತನ್ನೆಲ್ಲ ಆಗಲೇ ಮೇಲ್ ಮಾಡಿಬಿಟ್ಟೆ. ಆದರೂ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಯಾಕೆಂದರೆ ಇದೇ ಥರದ ಪತ್ರ ವರ್ಷಕ್ಕೆ ಮೂರ್ನಾಲ್ಕಾದರೂ ಬರುತ್ತದೆ. ಮತ್ತೆ, ಈ ಕುರ್ಚಿಗೆ ಬರುವ ಮುಂಚೆ ನಾನೂ ಲ್ಯಾಬಿನಲ್ಲಿದ್ದವಳು, ಇಂಥದ್ದೇ ಒಂದು ಜೋಡಿಯಲ್ಲಿ ಒಬ್ಬಳು.

ನೀವು ಬಾಯಿ ಬಿಡದೇ ಇದ್ದದ್ದು ಸರಿ. ನಾನು ಬಿಟ್ಟೆ, ಏನಾಯಿತು ಅಂತ ಹೇಳುತ್ತೇನೆ ಕೇಳಿ. ಇಂಟರ್‌ವ್ಯೂನ ಮೊದಲ ರಾತ್ರಿ ಊಟಕ್ಕೆ ಕೂತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತುಂಬ ಪ್ರೀತಿಯಿಂದಲೇ "ನಿಮ್ಮ ಯಜಮಾನರು ಏನು ಮಾಡ್ತಾರೆ?" ಅಂದರು. "ಅವರೂ ಕೆಮಿಸ್ಟೇ, ಅವರೂ ಹುಡುಕುತ್ತಿದ್ದಾರೆ" ಅಂದೆ. ವಿಭಾಗದ ಮುಖ್ಯಸ್ಥರು ಚಮಚ ತಟ್ಟೆಯಲ್ಲಿಟ್ಟು ಎದುರಿಗಿದ್ದವರ ಮುಖ ನೋಡಿದರು. ಅಷ್ಟೇ. ಮರುದಿನದ ವೇಳಾಪಟ್ಟಿಯಲ್ಲಿ ಮೂರೂವರೆಗೆ "ಲ್ಯಾಬ್ ಜಾಗ ನೋಡುವುದು" ಅಂತ ಇತ್ತು. ಮೂರೂವರೆ ಆಯಿತು, ನಾಲ್ಕಾಯಿತು, ಯಾರೂ ಆ ಕೋಣೆಯ ಮಾತೆತ್ತಲಿಲ್ಲ. ನಾನು ವೆರಾಂಡದಲ್ಲಿ ನಿಂತು ಗೋಡೆಯ ಪೋಸ್ಟರುಗಳನ್ನು ಎರಡೆರಡು ಸಲ ಓದಿದೆ. ಕೆಲಸ ಸಿಗದೇ ಇದ್ದದ್ದಕ್ಕೆ ಅದೇ ಕಾರಣ ಅಂತ ಪ್ರಮಾಣ ಮಾಡಲಾರೆ. ನನ್ನ ಟಾಕ್ ಕೂಡ ಅಷ್ಟಕ್ಕಷ್ಟೇ ಇತ್ತು ಅನ್ನಿ.

ಆಯ್ಕೆ ಸಮಿತಿಯವರು ಕೆಟ್ಟವರೇನಲ್ಲ, ಅವರಿಗೆ ಭಯ. ಆಫರ್ ಕೊಟ್ಟು, ಅಭ್ಯರ್ಥಿ ಬರಲ್ಲ ಅಂದುಬಿಟ್ಟರೆ ಆ ವರ್ಷದ ಹುದ್ದೆಯೇ ಕೈತಪ್ಪಬಹುದು. ಅದಕ್ಕೇ "ಗಂಡನಿಗೆ ಕೆಲಸ ಸಿಗದಿದ್ದರೆ ಇವಳು ಬರಲ್ಲ ಬಿಡಿ" ಅಂತ ನಿಮ್ಮ ಪರವಾಗಿ ಅವರೇ ತೀರ್ಮಾನ ಮಾಡಿಬಿಡುತ್ತಾರೆ. ಮದುವೆ, ಮಕ್ಕಳ ವಿಷಯ ಕೇಳಬಾರದು ಅಂತ ಹಲವು ದೇಶಗಳಲ್ಲಿ ನಿಯಮ ಇದೆ. ಊಟದ ಮೇಜಿನ ಹತ್ತಿರ ಆ ನಿಯಮ ಯಾರಿಗೂ ನೆನಪಿರುವುದಿಲ್ಲ. ಆಫರ್ ಬರುವ ತನಕ ನೀವು ಐದಾರು ಜನರಲ್ಲಿ ಒಬ್ಬರು. ಬಂದ ಮೇಲೆ ಅವರಿಗೆ ಬೇಕಾಗಿರುವವರು ನೀವೊಬ್ಬರೇ. ಆಫರ್ ಕೈಗೆ ಬಂದು, ನೀವು ಇನ್ನೂ ಸಹಿ ಹಾಕಿಲ್ಲದ ಆ ನಾಲ್ಕು ದಿನವೇ ಮಾತಾಡುವ ಹೊತ್ತು. ಇದಕ್ಕೆ ಒಂದು ವಿನಾಯಿತಿ ಇದೆ. ಸ್ವಿಟ್ಜರ್‌ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದಂಥ ಕೆಲವು ಕಡೆ ಇಂಥ ಜೋಡಿಗಳಿಗಾಗಿಯೇ ಒಂದು ಕಚೇರಿ ಇದೆ. ಅಂಥಲ್ಲಿ ಆ ಕಚೇರಿಯವರ ಜೊತೆ ಮೊದಲೇ ಮಾತಾಡಿದರೆ ತಪ್ಪಿಲ್ಲ.

ಎಲ್ಲರೂ ಇದಕ್ಕೆ ಟೂ ಬಾಡಿ ಪ್ರಾಬ್ಲಮ್, ಅಂದರೆ ಎರಡು ಕಾಯಗಳ ಸಮಸ್ಯೆ, ಅನ್ನುತ್ತಾರೆ. ನಿಮ್ಮ ಗಂಡ ಈ ಹೆಸರು ಕೇಳಿದಾಗಲೆಲ್ಲ ನಕ್ಕಿರುತ್ತಾರೆ. ಫಿಸಿಕ್ಸಿನಲ್ಲಿ ಒಂದನ್ನೊಂದು ಎಳೆಯುವ ಎರಡು ಕಾಯಗಳ ಲೆಕ್ಕವನ್ನು ನ್ಯೂಟನ್ ಯಾವತ್ತೋ ಬಿಡಿಸಿಟ್ಟಿದ್ದಾನೆ ಅಲ್ವಾ? ಆದರೆ ಅವನ ಕಾಯಗಳಿಗೆ ಕೊನೆಯ ದಿನಾಂಕ ಇರಲಿಲ್ಲ. ಒಂದೇ ಊರಲ್ಲಿ ಎರಡು ಕೆಲಸ ಸಿಗಲ್ಲ ಅಂತ ಎಲ್ಲರೂ ಕೊರಗುತ್ತಾರೆ. ನಾನು ನೋಡಿದ ಮಟ್ಟಿಗೆ ಊರಿಗಿಂತ ಜಾಸ್ತಿ ಕಾಡುವುದು ಕ್ಯಾಲೆಂಡರ್. ಎರಡು ಆಫರ್ ಒಂದೇ ವಾರದಲ್ಲಿ ಬಂದಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ನಿಮ್ಮದು ಇವತ್ತು ಬಂತು, ಅವರದ್ದು ಎರಡು ತಿಂಗಳು ಆಚೆ ಇದೆ. ಹಾಗಾಗಿ ನೀವು ಮೊದಲು ಕೇಳಬೇಕಾದದ್ದು ದಿನ. ಕೆಲಸದ ಮಾತು ಆಮೇಲೆ.

"ಯೋಚನೆ ಮಾಡಲು ಸ್ವಲ್ಪ ಸಮಯ ಬೇಕು" ಅಂತ ಬರೆಯಬೇಡಿ. ಅದನ್ನು ಓದಿದವರಿಗೆ ನಿಮಗೆ ಮನಸ್ಸಿಲ್ಲ ಅನ್ನಿಸುತ್ತದೆ. ಈ ಕೆಲಸ ನನಗೆ ಬೇಕು, ನನ್ನ ಗಂಡನಿಗೆ ಇಂಥ ದಿನ ಇಂಟರ್‌ವ್ಯೂ ಇದೆ, ಇಂಥ ದಿನಾಂಕದವರೆಗೆ ಕಾಯಲು ಆಗುತ್ತಾ ಅಂತ ನೇರವಾಗಿ ಕೇಳಿ. ಆ ಮೇಲ್‌ಗೇ ಅವರ ಸಿವಿ ಲಗತ್ತಿಸಿ. ಆದರೆ "ಅವರಿಗೊಂದು ಕೆಲಸ ಕೊಡಿ" ಅನ್ನಬೇಡಿ. ಫಿಸಿಕ್ಸ್ ವಿಭಾಗದವರು ಸಿವಿ ನೋಡಬಹುದಾ, ನನ್ನ ಗಂಡ ಬಂದು ಒಂದು ಸೆಮಿನಾರ್ ಕೊಡಬಹುದಾ ಅಂತ ಕೇಳಿ ಸಾಕು. ಸೆಮಿನಾರ್ ಬೇಡ ಅನ್ನುವುದು ಯಾರಿಗೂ ಕಷ್ಟ.

ಅದೇ ದಿನ ನಿಮ್ಮವರು ಇನ್ನೊಂದು ಕಡೆಗೆ ಬರೆಯಲಿ. "ನನ್ನ ಹೆಂಡತಿಗೆ ಆಫರ್ ಬಂದಿದೆ, ಇಂಟರ್‌ವ್ಯೂ ಸ್ವಲ್ಪ ಮುಂಚೆ ಆಗಬಹುದಾ?" ಇದೂ ಬಾಯಿ ಬಿಟ್ಟಂತೆಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಇನ್ನೊಂದು ಕಡೆಯವರು ಆರಿಸಿದ ವಿಜ್ಞಾನಿಯೊಬ್ಬರು ಈ ಪ್ಯಾಕೇಜಿನಲ್ಲಿದ್ದಾರೆ ಅಂತ ಗೊತ್ತಾದರೆ ಲೆಕ್ಕ ಬದಲಾಗುತ್ತದೆ.

ನಿಮ್ಮಲ್ಲಿ ಒಂದು ಅನುಕೂಲ ಇದೆ, ನೀವು ಗಮನಿಸಿಲ್ಲ. ನಿಮ್ಮವರು ಥಿಯರಿಯವರು. ಅವರಿಗೆ ಒಂದು ಕೋಣೆ, ಒಂದು ಬೋರ್ಡ್, ಕಂಪ್ಯೂಟರ್, ಒಂದಿಬ್ಬರು ವಿದ್ಯಾರ್ಥಿಗಳು ಇದ್ದರೆ ಕೆಲಸ ನಡೆಯುತ್ತದೆ. ನಿಮಗೆ ಟ್ಯಾಂಕ್ ರೂಮ್ ಬೇಕು, ನೀರಿನ ವ್ಯವಸ್ಥೆ ಬೇಕು, ಮೀನಿನ ಒಂದೊಂದು ತಲೆಮಾರು ಬೆಳೆಯಲು ಸುಮಾರು ಮೂರು ತಿಂಗಳು ಬೇಕು. ಹಾಗಾಗಿ ಊರು ಆರಿಸುವಾಗ ನಿಮ್ಮ ಲ್ಯಾಬಿನ ತೂಕ ಜಾಸ್ತಿ ಇರಲಿ, ಅದನ್ನು ಎತ್ತಿಕೊಂಡು ಓಡಾಡೋಕೆ ಆಗಲ್ಲ. ಟ್ಯಾಂಕ್ ರೂಮ್ ಸಿದ್ಧವಾಗಲು ಹೇಗೂ ತಿಂಗಳುಗಳು ಹಿಡಿಯುತ್ತವೆ. ಆ ನೆಪದಲ್ಲೇ ಸೇರುವ ದಿನವನ್ನು ಆರು ತಿಂಗಳೋ ಒಂದು ವರ್ಷವೋ ಮುಂದಕ್ಕೆ ಹಾಕಿಸಿಕೊಳ್ಳಿ. ಅಷ್ಟರಲ್ಲಿ ಅವರ ವಿಷಯ ಇತ್ಯರ್ಥ ಆಗಬಹುದು.

ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಕೇಳುವುದು ಸುಲಭ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಜೋಡಿಯಲ್ಲಿ ಎರಡನೆಯವರ ಸಂಬಳವನ್ನು ಮೊದಲ ಕೆಲವು ವರ್ಷ ಮೂರು ಪಾಲು ಮಾಡುತ್ತಾರೆ. ನಿಮ್ಮನ್ನು ಕರೆದ ವಿಭಾಗದ್ದು ಒಂದು, ಅವರನ್ನು ಸೇರಿಸಿಕೊಳ್ಳುವ ವಿಭಾಗದ್ದು ಒಂದು, ಆಡಳಿತದ್ದು ಒಂದು. ಏನೇ ಒಪ್ಪಿದರೂ ಬರಹದಲ್ಲಿ ತೆಗೆದುಕೊಳ್ಳಿ. ಕಾಯಂ ಹುದ್ದೆಯಾ, ಗ್ರಾಂಟ್ ಇರುವ ತನಕ ಮಾತ್ರವಾ ಅಂತ ಸ್ಪಷ್ಟ ಇರಲಿ. "ಸದ್ಯಕ್ಕೆ ಎರಡು ವರ್ಷದ ಹುದ್ದೆ, ಆಮೇಲೆ ನೋಡೋಣ" ಅಂದರೆ ಇದೇ ಪತ್ರವನ್ನು ಎರಡು ವರ್ಷ ಬಿಟ್ಟು ನನಗೆ ಮತ್ತೆ ಬರೆಯುತ್ತೀರಿ.

ಇನ್ನು ಬಿಟ್ಟುಕೊಡುವ ಮಾತು. ಹಿಂದೆ ಈ ಪ್ರಶ್ನೆಯೇ ಇರಲಿಲ್ಲ, ಯಾರು ಬಿಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್ ಅವರ ಗಂಡ ರಸಾಯನಶಾಸ್ತ್ರದ ಪ್ರೊಫೆಸರ್. ಗಂಡನಿಗೆ ಕೆಲಸ ಇದ್ದ ವಿಶ್ವವಿದ್ಯಾಲಯಗಳಲ್ಲೇ ಅವರು ವರ್ಷಗಟ್ಟಲೆ ಸಂಬಳವಿಲ್ಲದೆ ಅಥವಾ ಪುಡಿಗಾಸಿಗೆ ದುಡಿದರು. ಪೂರ್ಣ ಸಂಬಳದ ಪ್ರೊಫೆಸರ್ ಹುದ್ದೆ ಸ್ಯಾನ್ ಡಿಯಾಗೋದಲ್ಲಿ ಸಿಕ್ಕಿದ್ದು 1960ರಲ್ಲಿ. ಪರಮಾಣು ಬೀಜದ ಶೆಲ್ ಮಾದರಿಗೆ ನೊಬೆಲ್ ಬಂದದ್ದು 1963ರಲ್ಲಿ. ಆ ಮಾದರಿ ರೂಪಿಸಿದ್ದಂತೂ ಇದಕ್ಕೆಲ್ಲ ಎಷ್ಟೋ ಮುಂಚೆ, 1940ರ ದಶಕದ ಕೊನೆಯಲ್ಲಿ! ಈಗ ಆ ಕಾಲ ಹೋಯಿತು ಅನ್ನುತ್ತೀರಾ? 2008ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅಮೆರಿಕದ 13 ವಿಶ್ವವಿದ್ಯಾಲಯಗಳ ಅಧ್ಯಾಪಕರ ಸಮೀಕ್ಷೆ ಪ್ರಕಟಿಸಿದರು. ಶೇಕಡಾ 36 ಜನರ ಸಂಗಾತಿಯೂ ಅಧ್ಯಾಪಕರೇ. ಅಂಥ ಜೋಡಿಗಳಲ್ಲಿ ಯಾರ ವೃತ್ತಿ ಮುಖ್ಯ ಅಂದಾಗ ಗಂಡಸರಲ್ಲಿ ಅರ್ಧದಷ್ಟು ಜನ "ನನ್ನದು" ಅಂದರು. ಹೆಂಗಸರಲ್ಲಿ ಹಾಗೆ ಅಂದವರು ಶೇಕಡಾ 20.

ಸಮುದ್ರ ಜೀವಿಗಳನ್ನು ಅಧ್ಯಯನ ಮಾಡುವ ಜೇನ್ ಲುಬ್ಚೆಂಕೊ ಮತ್ತು ಬ್ರೂಸ್ ಮೆಂಜ್ ದಂಪತಿಯ ಕಥೆ ನನಗೆ ಇಷ್ಟ. ಮಕ್ಕಳಿಗೂ ಸಮಯ ಬೇಕಿತ್ತು, ಇಬ್ಬರಿಗೂ ಸಂಶೋಧನೆ ಬೇಕಿತ್ತು. ಆಕೆ ಹಾರ್ವರ್ಡ್‌ನ ಹುದ್ದೆ ಬಿಟ್ಟರು, ಆತನೂ ಬೋಸ್ಟನ್ನಿನ ಹುದ್ದೆ ಬಿಟ್ಟರು. 1970ರ ದಶಕದ ಕೊನೆಯಲ್ಲಿ ಒರೆಗಾನ್ ಸ್ಟೇಟ್‌ನಲ್ಲಿ ಒಂದೇ ಹುದ್ದೆಯನ್ನು ಅರ್ಧರ್ಧ ಹಂಚಿಕೊಂಡರು. ಮುಂದೆ ಇಬ್ಬರೂ ಪೂರ್ಣ ಹುದ್ದೆಗೆ ಬಂದರು. ಆಕೆ 2009ರಲ್ಲಿ ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ಮುಖ್ಯಸ್ಥೆಯಾದರು. ಇದನ್ನೇ ನೀವೂ ಮಾಡಿ ಅನ್ನುತ್ತಿಲ್ಲ. ಅರ್ಧ ಸಂಬಳಕ್ಕೆ ಮುಕ್ಕಾಲು ಕೆಲಸ ಮಾಡಿಸಿಕೊಳ್ಳುವವರೇ ಜಾಸ್ತಿ. ನಿಮ್ಮಿಬ್ಬರ ವಿಷಯ ಬೇರೆ ಬೇರೆ ಆದ್ದರಿಂದ ಹಂಚಿಕೊಳ್ಳುವುದೂ ಕಷ್ಟ. ಆದರೆ ಅಲ್ಲಿ ಇಬ್ಬರೂ ಒಟ್ಟಿಗೆ ಬಿಟ್ಟರು, ಒಟ್ಟಿಗೆ ಪಡೆದರು. ಅದು ನನಗೆ ಮುಖ್ಯ ಅನ್ನಿಸುತ್ತದೆ.

ಈ ಸಲ ನಿಮ್ಮ ಸರದಿ ಅಂತ ಅವರು ಅಂದರೆ ಸಂಕೋಚ ಬೇಡ, ಒಪ್ಪಿಕೊಳ್ಳಿ. ಮುಂದಿನ ಸರದಿ ಅವರದ್ದು ಅನ್ನುವುದನ್ನೂ ಅವತ್ತೇ ಮಾತಾಡಿಕೊಳ್ಳಿ. ಇನ್ನಷ್ಟು ದಿನ ದೂರ ಇರಬೇಕಾದರೆ ಅದಕ್ಕೊಂದು ಕೊನೆಯ ದಿನಾಂಕ ಹಾಕಿ. ಸುಮ್ನೆ "ಆದಷ್ಟು ಬೇಗ" ಅಂದುಕೊಂಡಿದ್ದವರು ಆರು ವರ್ಷ ದೂರ ಇದ್ದದ್ದನ್ನು ನೋಡಿದ್ದೇನೆ. ನಾವೇ ಎರಡು ವರ್ಷ ಹಾಗೆ ಕಳೆದೆವು.

ಜಂಟಿ ಪೇಪರಿನ ವಿಷಯ ಚಿಕ್ಕದು. ಎರಡು ಇದ್ದರೆ ಏನೂ ತೊಂದರೆ ಇಲ್ಲ, ಹತ್ತಾದರೆ ಅನುಮಾನ ಶುರುವಾಗುತ್ತದೆ. ಇದರಲ್ಲಿ ನಿಜವಾಗಿ ಯೋಚನೆ ಯಾರದ್ದು ಅಂತ ಸಮಿತಿಯವರು ಕೇಳುತ್ತಾರೆ. ಉತ್ತರವನ್ನೂ ಅವರೇ ಊಹಿಸಿಕೊಳ್ಳುತ್ತಾರೆ, ಆ ಊಹೆ ಹೆಚ್ಚಾಗಿ ನಿಮ್ಮ ಕಡೆಗಿರುವುದಿಲ್ಲ. ಸಿವಿಯಲ್ಲಿ ಆ ಎರಡರ ಕೆಳಗೆ ಒಂದೊಂದು ಸಾಲು ಸೇರಿಸಿ: ಪ್ರಯೋಗ ನನ್ನದು, ಮಾದರಿ ಅವರದ್ದು. ಮೂರನೆಯದ್ದೇನಾದರೂ ತಲೆಯಲ್ಲಿದ್ದರೆ, ಲೇಖಕರ ಪಟ್ಟಿಯ ಕೊನೆಯ ಹೆಸರು, ಅಂದರೆ ಕೆಲಸದ ಮುಖ್ಯಸ್ಥರ ಜಾಗ, ಯಾರದ್ದು ಅನ್ನುವುದನ್ನು ಮೊದಲ ಮೀನನ್ನು ಟ್ಯಾಂಕಿಗೆ ಬಿಡುವ ಮುಂಚೆಯೇ ಮಾತಾಡಿಕೊಳ್ಳಿ.