ತೇಜಪತ್ತಾ ಹಾಕಿದರೂ ತಹರಿಗೆ (ಪಲಾವ್‌ನಂಥ ಮಸಾಲೆ ಅನ್ನಕ್ಕೆ) ಘಮ ಯಾಕೆ ಬರುತ್ತಿಲ್ಲ? ಕಷಾಯ ಕುಡಿದರೆ ಶುಗರ್ ಇಳಿಯುತ್ತಾ, ಎಲೆ ಸುಟ್ಟರೆ ದುಡ್ಡು ಬರುತ್ತಾ?

ಮೊದಲು ನಿಮ್ಮ ಡಬ್ಬಿಯಿಂದ ಒಂದು ಎಲೆ ತೆಗೆದು, ಬೆನ್ನು ಮೇಲೆ ಮಾಡಿ ನೋಡಿ. ತೊಟ್ಟಿನ ಹತ್ತಿರದಿಂದ ತುದಿಯ ಕಡೆಗೆ ಉದ್ದಕ್ಕೆ ಮೂರು ನರ ಓಡಿದ್ದರೆ ಅದು ನಮ್ಮ ತೇಜಪತ್ತಾ, ಅಂದರೆ ತಮಾಲಪತ್ರ, ಪಲಾವ್ ಎಲೆ. ದಾಲ್ಚಿನ್ನಿ ಕುಲದ ಮರ, ಹಿಮಾಲಯದ ತಪ್ಪಲು, ಅಸ್ಸಾಂ, ಮೇಘಾಲಯದ ಕಡೆಯದು. ನಡುವೆ ಒಂದೇ ನರ, ಅದರಿಂದ ಗರಿಯ ಹಾಗೆ ಸಣ್ಣ ನರಗಳು ಚಾಚಿದ್ದರೆ ಅದು ಮೆಡಿಟರೇನಿಯನ್ ಸೀಮೆಯ ಲಾರೆಲ್, ನಿಜವಾದ ‘ಬೇ ಲೀಫ್’. ಮುರಿದು ಮೂಸಿದರೆ ಮೊದಲನೆಯದು ದಾಲ್ಚಿನ್ನಿ-ಲವಂಗದ ಕಡೆ ವಾಲುತ್ತದೆ, ಎರಡನೆಯದು ನೀಲಗಿರಿ ಎಣ್ಣೆಯ ಕಡೆ. ಕಲಬುರಗಿಯ ಕಿರಾಣಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ನರದ್ದೇ. ಆದರೆ ನೀವು ಕೇಳಿದ ಶುಗರ್ ಮಾತು, ಎಲೆ ಸುಡುವ ಮಾತು ಎರಡೂ ಹುಟ್ಟಿದ್ದು ಆ ಒಂದು ನರದ ಎಲೆಯಿಂದ.

ಈಗ ತಹರಿ. ಅರ್ಧ ಕಿಲೋ ಅಕ್ಕಿ, ಅರ್ಧ ಕಿಲೋ ಮಟನ್‌ಗೆ ದೊಡ್ಡ ಎಲೆ ಎರಡು ಸಾಕು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಅಡ್ಡಕ್ಕೆ ಒಮ್ಮೆ ಮುರಿಯಿರಿ. ಇಡೀ ಎಲೆ ಹಾಕಿದರೆ ಒಳಗಿನ ಎಣ್ಣೆ ಅಷ್ಟು ಬೇಗ ಬಿಡುವುದಿಲ್ಲ. ಚೂರು ಚೂರು ಮಾತ್ರ ಮಾಡಬೇಡಿ. ಈ ಎಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ, ತುಂಡು ಗಂಟಲಿಗೋ ಕರುಳಿಗೋ ಚುಚ್ಚಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಎಣ್ಣೆ ಮಧ್ಯಮ ಉರಿಯಲ್ಲಿ ಕಾದಾಗ ಎಲೆ ಬಿಡಿ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಹತ್ತು-ಹದಿನೈದು ಸೆಕೆಂಡಿನಲ್ಲಿ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಆಗಲೇ ಉಳ್ಳಾಗಡ್ಡಿ ಬೀಳಬೇಕು, ಅದರ ನೀರು ಎಣ್ಣೆಯ ಕಾವು ಇಳಿಸುತ್ತದೆ. ಅಂಚು ಕಪ್ಪಾಯಿತೋ, ಎಲೆಯನ್ನಷ್ಟೇ ತೆಗೆದರೆ ಪ್ರಯೋಜನವಿಲ್ಲ. ಕಹಿ ಎಣ್ಣೆಗೆ ಇಳಿದಿರುತ್ತದೆ, ಎಣ್ಣೆಯನ್ನೇ ಬದಲಿಸಬೇಕು. ಅಕ್ಕಿಗೆ ನೀರು ಹಾಕಿದ ಮೇಲೆ ಎಲೆ ತೇಲಿಬಿಡುವುದು ಇನ್ನೊಂದು ತಪ್ಪು. ಇದರ ಘಮ ಇಳಿಯುವುದು ಜಿಡ್ಡಿಗೆ. ಬರೀ ನೀರಿಗೆ ಹಾಕಿದರೆ ಬಹುಪಾಲು ಹಬೆಯ ಜೊತೆ ಹೊರಟುಹೋಗುತ್ತದೆ.

ಇಷ್ಟೆಲ್ಲ ಸರಿ ಮಾಡಿಯೂ ಘಮ ಇಲ್ಲವೆಂದರೆ ತಪ್ಪು ನಿಮ್ಮದಲ್ಲ, ಎಲೆಯದು. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುವಂಥದ್ದು. ಗೋಣಿಚೀಲದಲ್ಲಿ ಬಾಯಿ ಬಿಚ್ಚಿಟ್ಟ ಎಲೆ ಒಂದು ಬೇಸಿಗೆ ಕಳೆದರೆ ಬರೀ ಕಾಗದ. ಹಸಿರು ಮಾಸಿ ಕಂದು ತಿರುಗಿದ್ದನ್ನು ಕೊಳ್ಳಬೇಡಿ. ತಿಳಿ ಹಸಿರು ಉಳಿದಿರಬೇಕು, ಮುರಿದರೆ ಚಟ್ ಎನ್ನಬೇಕು, ಕೈಗೆ ವಾಸನೆ ಹತ್ತಬೇಕು. ಐವತ್ತು ಗ್ರಾಂ ತಂದರೆ ತಿಂಗಳುಗಟ್ಟಲೆ ಬರುತ್ತದೆ. ಸ್ಟೀಲ್ ಡಬ್ಬಿಯಲ್ಲಿಡಿ, ಗ್ಯಾಸ್ ಒಲೆಯ ಮೇಲಿನ ಫಳಿಯ ಮೇಲೆ ಮಾತ್ರ ಬೇಡ.

ಮಸಾಲೆ ಖಾರ ಕುಟ್ಟಿಸುವಾಗ ಕಿಲೋ ಮೆಣಸಿನಕಾಯಿಗೆ ಐದಾರು ಎಲೆ ಹಾಕಿ. ನಡುವಿನ ದಪ್ಪ ನರ ಕಿತ್ತುಬಿಡಿ, ಅದು ಪುಡಿಯಾಗದೆ ನಾರಾಗಿ ಉಳಿಯುತ್ತದೆ. ಎಣ್ಣೆ ಇಲ್ಲದೆ, ಸಣ್ಣ ಉರಿಯಲ್ಲಿ, ಬೇರೆಯಾಗಿ ಗರಿ ಮಾಡಿ. ಬೇಳೆ ಡಬ್ಬಿಯಲ್ಲಿ ಎಲೆ ಇಡುವ ರೂಢಿಯೂ ಇದೆ. ವಾಸನೆಗೆ ಹುಳ ಒಂದಷ್ಟು ದೂರ ಇರಬಹುದು, ಆದರೆ ಕಾಳಿನಲ್ಲಿ ಆಗಲೇ ಇರುವ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಬೇಳೆಯನ್ನು ಬಿಸಿಲಿಗೆ ಹಾಕಿ ಒಣಗಿಸದೆ ಬರೀ ಎಲೆ ನಂಬಿದರೆ ಮಳೆಗಾಲದಲ್ಲಿ ಹುಳ ಹಿಡಿದೇ ಹಿಡಿಯುತ್ತದೆ.

ಕಷಾಯಕ್ಕೆ ಎರಡು ಎಲೆ, ಎರಡು ಲೋಟ ನೀರು, ಒಂದು ಚೂರು ಶುಂಠಿ. ಒಂದು ಲೋಟಕ್ಕೆ ಇಳಿಸಿ ಸೋಸಿ. ಊಟ ಭಾರವಾದಾಗ, ಹೊಟ್ಟೆ ಉಬ್ಬರಿಸಿದಾಗ ಹಿತವಾಗಿರುತ್ತದೆ. ಆಯುರ್ವೇದದಲ್ಲಿ ದಾಲ್ಚಿನ್ನಿ, ಏಲಕ್ಕಿ, ತಮಾಲಪತ್ರ ಸೇರಿದರೆ ತ್ರಿಜಾತ; ನಾಗಕೇಸರ ಸೇರಿದರೆ ಚತುರ್ಜಾತ. ಶುಗರ್ ಬಗ್ಗೆ ಹೆಚ್ಚಾಗಿ ಎತ್ತಿ ತೋರಿಸುವುದು 2009ರಲ್ಲಿ ಪ್ರಕಟವಾದ ಪಾಕಿಸ್ತಾನದ ಒಂದು ಅಧ್ಯಯನ: ನಲವತ್ತು ಜನ, ಮೂವತ್ತು ದಿನ, ದಿನಕ್ಕೆ 1ರಿಂದ 3 ಗ್ರಾಂ ಎಲೆಪುಡಿಯ ಕ್ಯಾಪ್ಸೂಲ್. ಸಕ್ಕರೆ ಇಳಿದದ್ದು ನಿಜ, ಆದರೆ ಅದು ಲಾರೆಲ್ ಎಲೆ, ಕಷಾಯವೂ ಅಲ್ಲ. ಇಷ್ಟನ್ನು ನಂಬಿ ಗುಳಿಗೆ ಬಿಡುವುದು ಹುಚ್ಚುತನ. ಗುಳಿಗೆ ತೆಗೆದುಕೊಳ್ಳುತ್ತಲೇ ದಿನಾ ಕುಡಿಯುವ ಮನಸ್ಸಿದ್ದರೆ ಡಾಕ್ಟರಿಗೆ ತಿಳಿಸಿ, ಸಕ್ಕರೆ ತೀರಾ ಕೆಳಗಿಳಿಯದಂತೆ ನೋಡಿಕೊಳ್ಳಬೇಕು. ಬಸುರಿಯರಿಗೆ ಸಾರಿನಲ್ಲಿರುವ ಎಲೆ ಸಾಕು, ಕಷಾಯ ಬೇಡ.

ಎಲೆಯ ಮೇಲೆ ಆಸೆ ಬರೆದು ಸುಡುವುದು ರೀಲ್ಸ್‌ನಿಂದ ಬಂದದ್ದು. ನಮ್ಮಲ್ಲಿ ದೃಷ್ಟಿಗೆ ಉಪ್ಪು-ಮೆಣಸಿನಕಾಯಿ ನಿವಾಳಿಸುತ್ತಾರೆ, ಗುರುವಾರ ಲೋಬಾನ ಹಾಕುತ್ತಾರೆ. ಲಾರೆಲ್ ಗ್ರೀಕರ ಅಪೋಲೋ ದೇವರ ಮರ. ಡೆಲ್ಫಿಯ ಗುಡಿಯಲ್ಲಿ ಅದರ ಎಲೆಯನ್ನು ಜವೆಗೋಧಿ ಹಿಟ್ಟಿನೊಂದಿಗೆ ಧೂಪ ಹಾಕುತ್ತಿದ್ದರು. ಆ ನಂಬಿಕೆ ‘ಬೇ ಲೀಫ್’ ಎಂಬ ಹೆಸರು ಹಿಡಿದುಕೊಂಡು ನಮ್ಮ ಪಲಾವ್ ಎಲೆಗೂ ಅಂಟಿರಬೇಕು. ದುಡ್ಡು ಬರುವುದಿಲ್ಲ, ಆದರೆ ಮನಸ್ಸಿಗೆ ಸಮಾಧಾನವೆನಿಸಿದರೆ ನನ್ನ ಅಡ್ಡಿ ಇಲ್ಲ. ಎಣ್ಣೆ ಇರುವ ಎಲೆ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೆರಳಲ್ಲಿ ಹಿಡಿಯದೆ ಇಕ್ಕಳದಲ್ಲಿ ಹಿಡಿಯಿರಿ, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಸಿಲಿಂಡರಿನಿಂದ ದೂರ, ಕಿಟಕಿ ತೆರೆದು. ಮನೆಯಲ್ಲಿ ದಮ್ಮು ಇರುವವರಿದ್ದರೆ ಆ ಹೊಗೆಯೇ ಬೇಡ.

ರೀಲ್ಸ್‌ನಲ್ಲಿ ‘ತಾಜಾ ಲಾರೆಲ್ ಎಲೆ’ ಎಂದರು ಅಂತ ಗಿಡ ಹುಡುಕಿಕೊಂಡು ಮಾತ್ರ ಹೋಗಬೇಡಿ. ರಸ್ತೆಯ ಡಿವೈಡರ್ ಮೇಲೆ, ಗುಡಿಯ ಅಂಗಳದಲ್ಲಿ ಉದ್ದುದ್ದ, ಗಟ್ಟಿ, ಒಂದೇ ನಡುನರದ ಎಲೆಯ ಗಿಡ ಕಂಡರೆ ಅದು ಹೆಚ್ಚಾಗಿ ಕಣಗಿಲೆಯೇ. ಅದರ ಎಲೆ ಹೃದಯ ನಿಲ್ಲಿಸುವ ವಿಷ. ತಿನ್ನಬಾರದು, ಸುಟ್ಟ ಹೊಗೆ ಕೂಡ ಕುಡಿಯಬಾರದು.