ಗುರಿ ನೀರಿನದು, ಕ್ರಿಯಾ ಯೋಜನೆ ಬರೀ ಪೈಪಿನದು

ಪ್ರಶ್ನೆ: ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಪಂಚಾಯಿತಿಗಳಿಗಾಗಿ 9 ವಿಷಯಗಳಾಗಿ ಮಾಡಿದ್ದಾರೆ. ನಾವು ‘ನೀರು ಸಮೃದ್ಧ ಗ್ರಾಮ’ ಆರಿಸಿಕೊಂಡೆವು. ಆದರೆ ಕ್ರಿಯಾ ಯೋಜನೆಯಲ್ಲಿ ಎಂದಿನಂತೆ ಪೈಪ್‌ಲೈನ್, ಹೊಸ ಬೋರ್‌ವೆಲ್, ಮೋಟರ್ ರಿಪೇರಿಯೇ ಇದೆ. ಇನ್ನೇನು ಸೇರಿಸಬೇಕು?
– ಗ್ರಾ.ಪಂ. ಸದಸ್ಯರು, ತುಮಕೂರು ಜಿಲ್ಲೆ

ಉತ್ತರ: ಸೇರಿಸುವ ಮೊದಲು ಅಳೆಯಿರಿ. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. 1,200 ಜನರ ಊರಿಗೆ 66,000 ಲೀಟರ್. ಮೋಟರ್ 8 ಗಂಟೆ ಓಡುವುದಾದರೆ ಗಂಟೆಗೆ 8,250 ಲೀಟರ್ ಬರಬೇಕು. ನೀರಗಂಟಿಗೆ ಹೇಳಿ 200 ಲೀಟರಿನ ಡ್ರಮ್ ಹಿಡಿಸಿ: ತುಂಬಲು 87 ಸೆಕೆಂಡ್ ಮೀರಿದರೆ ಕೊರತೆಯಿದೆ ಎಂದೇ ಅರ್ಥ. ಮೋಟರ್ ಹಾಕಿದ ಕೂಡಲೇ ಅಳೆದರೆ ಬೋರಿನಲ್ಲಿ ನಿಂತ ನೀರೇ ಬಂದು ಲೆಕ್ಕ ಹಿಗ್ಗುತ್ತದೆ. ಒಂದು ಗಂಟೆ ಓಡಲಿ. ನೀರಿನ ಮಟ್ಟವನ್ನು ಮಾತ್ರ ರಾತ್ರಿಯಿಡೀ ಮೋಟರ್ ನಿಲ್ಲಿಸಿ, ಬೆಳಿಗ್ಗೆ ನೋಡಬೇಕು. ಮಳೆಗೆ ಮುಂಚಿನ ಮೇ, ಮಳೆ ಮುಗಿದ ನವೆಂಬರ್, ಎರಡರ ಅಳತೆಯೂ ಬೇಕು. ‘ಇಷ್ಟು ಮನೆಗೆ ನಲ್ಲಿ’ ಎಂಬ ಅಂಕಿ ಇದ್ಯಾವುದನ್ನೂ ಹೇಳುವುದಿಲ್ಲ.

ಇನ್ನು ಹೆಚ್ಚಿನ ಪಂಚಾಯಿತಿಗಳು ಮುಟ್ಟದ ಭಾಗ: ಕಾನೂನು. ಕುಡಿಯುವ ನೀರಿನ ಮೂಲಗಳನ್ನು ಕಾಪಾಡಲು ರಾಜ್ಯದಲ್ಲಿ 1999ರ ಅಂತರ್ಜಲ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಪಕ್ಕದ ಹೊಸ ಬೋರು ಅದೇ ಬಂಡೆಯ ಬಿರುಕಿನಿಂದ ನೀರೆಳೆದರೆ ನಿಮ್ಮದು ಬತ್ತುತ್ತದೆ. ನೀವು ಇನ್ನೂ ಆಳಕ್ಕೆ ಕೊರೆಸುತ್ತೀರಿ, ಆ ಖರ್ಚೂ ‘ನೀರು ಸಮೃದ್ಧ’ದ ಲೆಕ್ಕಕ್ಕೇ ಬೀಳುತ್ತದೆ! ಹಾಗಾಗಿ ಪ್ರತಿ ಮೂಲದ ಸರ್ವೆ ನಂಬರ್, ಜಿಪಿಎಸ್ ಗುರುತು, ಆಳ, ಇಳುವರಿ ಬರೆದ ಪಟ್ಟಿ ಮಾಡಿ, ಗ್ರಾಮ ಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ. ಪ್ರತಿಯನ್ನು ತಾಲ್ಲೂಕು ಆಡಳಿತಕ್ಕೂ ಜಿಲ್ಲೆಯ ಅಂತರ್ಜಲ ಕಚೇರಿಗೂ ಕಳಿಸಿ. ಪಟ್ಟಿಯೇ ಇಲ್ಲದಿದ್ದರೆ 500 ಮೀಟರನ್ನು ಎಲ್ಲಿಂದ ಅಳೆಯುವುದು? ರಿಗ್ ಲಾರಿ ಬಂದು ನಿಂತ ಮೇಲೆ ಮಾಡುವ ತಕರಾರಿಗೆ ಬಲವಿಲ್ಲ.

ಮನೆ ಕಟ್ಟಲು ಪರವಾನಗಿ ಕೊಡುವುದು ಪಂಚಾಯಿತಿಯೇ. ಕೊಡುವ ಮುನ್ನ ಶೌಚ ಗುಂಡಿ ಎಲ್ಲಿ ಬರುತ್ತದೆಂದು ನಕ್ಷೆಯಲ್ಲಿ ನೋಡಿ. ಬೋರಿಗೆ ಹತ್ತಿರವಾದರೆ ನೀರಿನ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿ ದಾಟಬಹುದು. ಕಾಯಿಸಿದರೆ ಅದು ಹೋಗುವುದಿಲ್ಲ.

ಹಣದ ಮಾತು: 2021–26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30 ಮೀಸಲಿದ್ದದ್ದು ಕುಡಿಯುವ ನೀರಿನ ಜೊತೆಗೆ ಮಳೆನೀರು ಕೊಯ್ಲು, ನೀರಿನ ಮರುಬಳಕೆಗೂ. ಬಹುಪಾಲು ಪೈಪಿಗೇ ಹೋದರೆ ಅದು ನಿಯಮದ ತಪ್ಪಲ್ಲ, ಆಯ್ಕೆಯದು.